ಇಡ್ಲಿ ತಟ್ಟೆಯ ಕಿರಣಬಂದೂಕು

ಅನ್ಯಗ್ರಹದವರು ಭೂಮಿಗೆ ಬಂದು ಇಳಿದಿದ್ದರೆ ಮೊದಲು ಯಾರನ್ನು ಹುಡುಕಿಕೊಂಡು ಬರಬೇಕಾಗಿತ್ತು ಗೊತ್ತೇ? ನಮ್ಮ ಸೋದರಮಾವನನ್ನು! ಇಡೀ ಗುಂಡ್ಲುಪೇಟೆಯಲ್ಲಿ ಅವರನ್ನು ಎದುರಿಸಲು ತಯಾರಾಗಿದ್ದವನು ಅವನೊಬ್ಬನೇ. ಹಾಗಂತ ಶೂರನೇನಲ್ಲ. ಬಂಡೀಪುರದ ಕಡೆ ಅರಣ್ಯ ಇಲಾಖೆಯಲ್ಲಿ ಗುಮಾಸ್ತ. ಕೋವಿ ಹಿಡಿದವರ ಹಾಜರಿ ಹಾಕುವುದು ಅವನ ಕೆಲಸ, ಕೋವಿ ಮುಟ್ಟುವುದಲ್ಲ. ಮನೆಗೆ ಹಲ್ಲಿ ಬಂದರೂ ಅತ್ತೆಯನ್ನು ಕೂಗುತ್ತಿದ್ದ.

ಆಗ ತೊಂಬತ್ತರ ದಶಕ. ಟೀವಿಯಲ್ಲಿ ಆಕಾಶನೌಕೆಯ ಧಾರಾವಾಹಿ ನೋಡಿ ಎಲ್ಲರೂ ಎದ್ದು ಊಟಕ್ಕೆ ಹೋದರೆ, ಇವನು ಅದರೊಳಗಿನ ಬಂದೂಕಿನ ಹಿಡಿ ಸರಿಯಿಲ್ಲ ಅಂತ ತಕರಾರು ತೆಗೆಯುತ್ತಿದ್ದ. ಕೊನೆಗೆ ತಾನೇ ಒಂದು ಮಾಡುತ್ತೇನೆಂದು ಹೊರಟ. ನಕ್ಷೆಗೆ ಕಾಗದ ಸಾಲದು ಅಂತ ಅತ್ತೆಯ ರಂಗೋಲಿ ಬಟ್ಟಲು ಎತ್ತಿಕೊಂಡು ಅಂಗಳದಲ್ಲಿ ಆಳುದ್ದದ ಬಂದೂಕು ಬರೆದ. ಪಕ್ಕದ ಮನೆ ಅಜ್ಜಿ ಅದು ಯಾವುದೋ ಪೂಜೆಯ ಮಂಡಲ ಅಂದುಕೊಂಡು ಅರಿಶಿನ ಕುಂಕುಮ ಹಾಕಿ ಕೈಮುಗಿದು ಹೋದಳು. ಮಾವ ತಿದ್ದಲಿಲ್ಲ. ಆಯುಧಪೂಜೆ ಮುಂಚಿತವಾಗಿ ಆಯಿತು ಅಂದ.

ಸಾಮಾನುಗಳೋ! ನಳಿಗೆಗೆ ಸೈಕಲ್ ಪಂಪು, ಹಿಡಿಗೆ ಮುರಿದ ಕೊಡೆ, ಮೂತಿಗೆ ಟೀ ಸೋಸುವ ಜಾಲರಿ. ಕಿರಣ ಬಿಟ್ಟರೆ ನಳಿಗೆ ಕಾಯುತ್ತದಲ್ಲ, ಅದು ತಣ್ಣಗಾಗಲು ಸುತ್ತಲೂ ಇಡ್ಲಿ ತಟ್ಟೆ. ನಮ್ಮತ್ತೆ ಹಿಟ್ಟು ರುಬ್ಬಿಟ್ಟು ತಟ್ಟೆ ಹುಡುಕುವ ಹೊತ್ತಿಗೆ ಅವೆಲ್ಲ ಬಂದೂಕಿಗೆ ಬೆಸುಗೆಯಾಗಿದ್ದವು. ಆ ಮನೆಯಲ್ಲಿ ಆಮೇಲೆ ಬರೀ ದೋಸೆ. ಗುಂಡಿ ಒತ್ತಿದರೆ ಟಾರ್ಚ್ ಬಲ್ಬು ಹತ್ತಿ, ಕಾಲಿಂಗ್ ಬೆಲ್ಲು ಕುಯ್ಯ್ ಅನ್ನುತ್ತಿತ್ತು.

ಇಷ್ಟರಲ್ಲಿ ಅತ್ತೆಯ ಎದೆಯಲ್ಲಿ ಗಂಟು ಕಾಣಿಸಿತು. ನಗುವ ಮನೆಗೆ ಬರಬಾರದ್ದು ಬಂತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಇನ್ನು ಕರೆಂಟು ಕೊಡಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ ಅಂದರು ಡಾಕ್ಟರು. ಕ್ಯಾನ್ಸರಿಗೆ ಕಿರಣ ಬಿಡುವುದನ್ನು ನಮ್ಮ ಕಡೆ ಎಲ್ಲರೂ ಹಾಗೇ ಅನ್ನುವುದು. ನೋಡಲು ಬಂದ ಸಂತೆಮರಹಳ್ಳಿಯ ನೆಂಟರೊಬ್ಬರು, ಅದು ಒಳಗಿಂದಲೇ ಸುಟ್ಟುಬಿಡುತ್ತದೆ ಅಂತ ಹೇಳಿ, ಕಾಫಿ ಕುಡಿದು, ನೆಮ್ಮದಿಯಾಗಿ ಬಸ್ಸು ಹತ್ತಿದರು. ಅಂಥವರಿಗೆ ಏನು ಮಾಡಬೇಕು ಹೇಳಿ? ಅತ್ತೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. "ಸಾಯೋದಾದ್ರೆ ಇಲ್ಲೇ ಸಾಯ್ತೀನಿ. ಸುಡುಸ್ಕಂಡು ಸಾಯಕ್ಕಿಲ್ಲ," ಅಂದಳು. ನಮ್ಮಮ್ಮ ಚಾಮರಾಜನಗರದಿಂದ ನನ್ನನ್ನೂ ಕರೆದುಕೊಂಡು ಹೋಗಿ ಕಾಲು ಹಿಡಿದು ಅತ್ತರೂ ಜಗ್ಗಲಿಲ್ಲ.

ಮಾವ ವಾದಕ್ಕೆ ಹೋಗಲಿಲ್ಲ. ಬಂದೂಕಿನ ಮೂತಿಗೆ ನೀಲಿ ಕಾಗದ ಅಂಟಿಸಿ ತಂದ. ಹಾಸಿಗೆ ಪಕ್ಕ ಕೂತು, ತನ್ನ ಎದೆಗೇ ಗುರಿಯಿಟ್ಟು ಕುಯ್ಯ್ ಅನ್ನಿಸಿಕೊಂಡ. ಎಲ್ಲೂ ಸುಟ್ಟಿಲ್ಲ ನೋಡು ಅಂತ ಅಂಗಿ ಬಿಚ್ಚಿ ಎದೆ ತೋರಿಸಿದ. ಆಸ್ಪತ್ರೆಯಲ್ಲಿರುವುದು ಇದರ ದೊಡ್ಡಣ್ಣ, ಅದೂ ಹೀಗೇ ಕೂಗುತ್ತದೆ, ಕಾಯಿಲೆಗೆ ಬಡಿಯುತ್ತದೆ, ಮೈಗೆ ಗೊತ್ತೇ ಆಗುವುದಿಲ್ಲ ಅಂದ. ದಿನಾ ಇದೇ ಕೆಲಸ. ಒಂದು ದಿನ ಅತ್ತೆ ಈ ಕಡೆ ಹೊರಳಿ, ಎಲ್ಲಿ ನನಗೂ ಬಿಡು ಅಂದಳು. ಬಿಟ್ಟ. ಹೊರಡುತ್ತೇನೆ, ಆದರೆ ಇದೂ ನನ್ನ ಜೊತೆಗೆ ಬರಬೇಕು ಅಂತ ಷರತ್ತು ಹಾಕಿದಳು.

ಕಾಡಿನಲ್ಲಿ ದಂತಚೋರರಿಗಾಗಿ ಹುಡುಕಾಟ ನಡೆಯುತ್ತಿದ್ದ ಕಾಲವದು. ಮೈಸೂರು ಬಸ್ಸನ್ನು ನಿಲ್ಲಿಸಿ ಚೀಲಗಳನ್ನು ತಡಕುತ್ತಿದ್ದರು. ಆ ಕಾಲದಲ್ಲಿ ಬಂದೂಕು ಇಟ್ಟುಕೊಂಡು ಬಸ್ಸು ಹತ್ತುವ ಪುಣ್ಯಾತ್ಮ ನಮ್ಮ ಮಾವ ಬಿಟ್ಟರೆ ಇನ್ಯಾರು? ಪೊಲೀಸಿನವನು ಸೀರೆಗಳ ನಡುವಿಂದ ಅದನ್ನು ಎಳೆದ. ಬಸ್ಸಿಗೆ ಬಸ್ಸೇ ಸೀಟಿನಡಿ ಇಳಿಯಿತು. ಮಾವನನ್ನು ಕೆಳಗಿಳಿಸಿ ನಿಲ್ಲಿಸಿದರು. ಅವನು ಎರಡೂ ಕೈ ಮೇಲೆತ್ತಿದ. ಅಂದೇ ಮೊದಲ ದಿನದ ಕರೆಂಟು, ತಪ್ಪಿದರೆ ಅತ್ತೆ ಮತ್ತೆ ಹೊರಡುವವಳಲ್ಲ. ಜೊತೆಗೆ ಹೊರಟಿದ್ದ ನಾನು ಕಿಟಕಿಗೆ ಮುಖವಿಟ್ಟು ನೋಡುತ್ತಿದ್ದೆ. ಆಗ ಅತ್ತೆಯೇ ಸೆರಗು ಹೊದ್ದು ನಿಧಾನ ಇಳಿದಳು.

"ಅದು ನನ್ ಕಾಯ್ಲೆಗೆ ಸಾಮಿ. ಬೇಕಾದ್ರೆ ನಿಮ್ ಮ್ಯಾಲೂ ಬುಡ್ತೀನಿ, ಏನೂ ಆಗಕ್ಕಿಲ್ಲ."

ಪೊಲೀಸ್ ಸಾಹೇಬರು ಗುಂಡಿ ಒತ್ತಿಯೇಬಿಟ್ಟರು. ಕುಯ್ಯ್! ಹಿಂದಿದ್ದ ಪೇದೆ ನೆಲಕ್ಕೆ ಬಿದ್ದ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಹೊಲಿಗೆ ನೋಯುತ್ತದೆ ಅನ್ನುತ್ತಲೇ ನಕ್ಕಳು. ಸಾಹೇಬರು ಬಂದೂಕನ್ನು ಅವಳ ಕೈಗೇ ಕೊಟ್ಟು, ಬಸ್ಸಿಗೆ ಬೇಗ ಹೋಗಲು ಹೇಳಿದರು.

ಆಸ್ಪತ್ರೆಯಲ್ಲಿ ಒಳಗೆ ಕರೆಯುವ ಮುಂಚೆ ದಿನವೂ ಮಾವ ಅವಳಿಗೆ ಬಂದೂಕಿನಿಂದ ಒಮ್ಮೆ ಹೊಡೆಯಬೇಕು. ಅದನ್ನು ನೋಡಿ ಸಾಲಿನಲ್ಲಿದ್ದವರು ನನಗೂ, ನನಗೂ ಅಂತ ಕತ್ತು, ಕೆನ್ನೆ, ಹೊಟ್ಟೆ ಒಡ್ಡತೊಡಗಿದರು. ಮಾವ ಯಾರಿಗೂ ಇಲ್ಲ ಅನ್ನಲಿಲ್ಲ. ಎದುರಿಗೆ ನಗುತ್ತಿದ್ದ ಕೆಲವರು ಮುಂದಿನ ವಾರ ಸಾಲಿನಲ್ಲಿ ಇರುತ್ತಿರಲಿಲ್ಲ. ಯಾರೂ ವಿಚಾರಿಸುತ್ತಿರಲಿಲ್ಲ.

ಕರೆಂಟು ಪೂರ್ತಿಯಾಯಿತು. ಅತ್ತೆ ಮನೆಗೆ ಬಂದು, ಅಡುಗೆ ಮಾಡಿ, ಬೈದು, ಓಡಾಡಿದಳು. ಆದರೆ ಮುಂದಿನ ಮಳೆಗಾಲದೊಳಗೆ ಕಾಯಿಲೆ ಮೂಳೆಗೆ ಇಳಿದಿತ್ತು. ಇನ್ನು ಕರೆಂಟೂ ಬೇಡ, ಮನೆಯಲ್ಲಿಟ್ಟುಕೊಳ್ಳಿ ಅಂದರು ಡಾಕ್ಟರು.

ಒಂದು ಮಧ್ಯಾಹ್ನ ನಾನು ಗಂಜಿ ಹಿಡಿದು ಒಳಗೆ ಹೋದೆ. ಅತ್ತೆ ಸೊಂಟ ತೋರಿಸಿ, ಇಲ್ಲಿ ಬಿಡು ಅಂತ ಮಾವನನ್ನು ಕೇಳುತ್ತಿದ್ದಳು. ಮಾವ ಬಂದೂಕನ್ನು ತೊಡೆಯ ಮೇಲೆ ಮಲಗಿಸಿದ.

"ಇದು ಬರೀ ಟಾರ್ಚ್ ಬಲ್ಬು ಕಣಮ್ಮಿ," ಅಂದ.

"ಗೊತ್ತು ಕಣ, ಮೊದ್ಲಿಂದ್ಲೂ ಗೊತ್ತು. ನೀ ಬುಡು."

ಮಾವ ಗುಂಡಿ ಒತ್ತಿದ. ಅತ್ತೆ ಕಣ್ಣು ಮುಚ್ಚಿ, ಈಗ ವಾಸಿ ಅಂದಳು. ನನಗೆ ಅಳು ತಡೆಯಲಾಗಲಿಲ್ಲ, ಗಂಜಿ ಬಟ್ಟಲು ಇಟ್ಟು ಬಾಗಿಲಿಗೆ ಬಂದು ನಿಂತೆ. ಸ್ವಲ್ಪ ಹೊತ್ತಿಗೆ ಬ್ಯಾಟರಿ ಸೋತು ಬೆಳಕು ಆರಿತು. ಅತ್ತೆಗೆ ನಿದ್ದೆ ಹತ್ತಿತ್ತು. ಮಾವ ಮಾತ್ರ ಗುಂಡಿಯಿಂದ ಬೆರಳು ತೆಗೆಯಲಿಲ್ಲ.