ಎರಡನೇ ಪಿಚ್ಚರಿಗೆ ನಾನು ವಿವರಣೆ ಹೇಳಿದ್ದು

ನಾನು ಓದಿದ್ದು ಕೂಲಿಮಠದಲ್ಲಿ, ಮರಳಿನ ಮೇಲೆ ಅಕ್ಷರ ತಿದ್ದುವವರೆಗೆ. ಅಷ್ಟು ಹೊತ್ತಿಗೆ ನಮ್ಮಪ್ಪ ಕಿವಿ ಹಿಡಿದು ಈರುಳ್ಳಿ ಮಂಡಿಗೆ ಎಳೆದುಕೊಂಡು ಹೋದರು. ಇಂಥ ನಾನು ಗುಂಡ್ಲುಪೇಟೆಯ ಟೆಂಟ್ ಸಿನಿಮಾದಲ್ಲಿ ಮೈಕು ಹಿಡಿದು ಇಂಗ್ಲಿಷ್ ಪಿಚ್ಚರಿಗೆ ವಿವರಣೆ ಹೇಳಿದೆ ಎಂದರೆ ನೀವು ನಂಬಬೇಕು. ನಂಬದಿದ್ದರೆ ನಮ್ಮೂರಲ್ಲಿ ಯಾರನ್ನಾದರೂ ಕೇಳಿ. ಕೇಳದಿದ್ದರೂ ಹೇಳುತ್ತಾರೆ. ಅದೇ ನನ್ನ ಸಂಕಟ!

ಇದಕ್ಕೆಲ್ಲ ಕಾರಣ ನನ್ನ ಮೊಮ್ಮಗಳು ಮಾದೇವಿ. ನನ್ನ ಮಗಳನ್ನು ಚಾಮರಾಜನಗರಕ್ಕೆ ಕೊಟ್ಟಿದ್ದೇವೆ. ಅವಳ ಮಗಳು ಈ ಮಾದೇವಿ, ಈ ವಂಶಕ್ಕೆ ಮೊದಲ ಮೊಮ್ಮಗು. ಕ್ರಿಸ್ಮಸ್ ರಜ ಬಂತೆಂದರೆ ಬಸ್ಸಿಳಿದು "ತಾತಾ" ಎಂದು ಓಡಿ ಬರುತ್ತಾಳೆ. ಆಗ ನನಗೆ ಈರುಳ್ಳಿ ಮಂಡಿಯೂ ಮಲ್ಲಿಗೆ ತೋಟದ ಹಾಗೆ ಘಮ್ಮೆನ್ನುತ್ತದೆ. ನನ್ನ ಹೆಂಡತಿ ಗೌರಮ್ಮ "ವಯಸ್ಸಾದಂಗೆ ಬುದ್ಧಿ ಕಮ್ಮಿಯಾಯ್ತಾ ಅದೆ ನಿಮ್ಗೆ" ಅನ್ನುತ್ತಾಳೆ. ಅನ್ನಲಿ.

ಹೋದ ವರ್ಷ ಇದೇ ರಜದಲ್ಲಿ ಟೆಂಟಿಗೆ ಒಂದು ಇಂಗ್ಲಿಷ್ ಪಿಚ್ಚರ್ ಬಂದಿತ್ತು. ಚರ್ಚಿನವರು, ಘಟ್ಟದ ಮೇಲಿನ ಎಸ್ಟೇಟಿನವರು ಬರುತ್ತಾರೆ ಅಂತ ಮಾಲೀಕರು ಕ್ರಿಸ್ಮಸ್ ಹೊತ್ತಿಗೆ ಅಂಥದ್ದೊಂದು ತರಿಸುತ್ತಾರೆ. ನೆಲದ ಮೇಲೆ ಕೂರುವ ನಮ್ಮಂಥವರಿಗೆ ತಿಳಿಯಲಿ ಅಂತ ಪರದೆ ಪಕ್ಕದಲ್ಲಿ ಒಬ್ಬ ಮೇಷ್ಟ್ರು ಮೈಕು ಹಿಡಿದು ಕೂತು, "ಈಗ ಇವನು ಅವಳನ್ನು ಬೈಯುತ್ತಾನೆ, ಈಗ ಅವಳು ಅಳುತ್ತಾಳೆ" ಎಂದು ಕನ್ನಡದಲ್ಲಿ ಹೇಳುತ್ತಾರೆ. ಪಿಚ್ಚರ್ ಒಂದು ಮನೆಯವರ ಹಬ್ಬದ ಕತೆ. ತಾತ, ಮಗ, ಸೊಸೆ, ಒಂದು ಪುಟ್ಟ ಮೊಮ್ಮಗು. ಏಣಿ ಜಾರುವುದೇನು, ನಾಯಿ ತಿಂಡಿ ಕದಿಯುವುದೇನು, ನಕ್ಕೂ ನಕ್ಕೂ ಹೊಟ್ಟೆ ನೋವು. ಆದರೆ ಕೊನೆಗೆ ಆ ತಾತ ಮಗನ ಮೇಲೆ ಸಿಟ್ಟು ಮಾಡಿಕೊಂಡು, ಟೋಪಿ ಹಾಕಿಕೊಂಡು ರೈಲು ಹತ್ತಿ ಹೋಗಿಬಿಟ್ಟ. ಅಲ್ಲಿಗೆ ಪಿಚ್ಚರ್ ಮುಗಿಯಿತು!

ಮಾದೇವಿ ಊಟ ಬಿಟ್ಟಳು. "ಆ ತಾತ ಎಲ್ಲಿಗೋದ? ಆ ಪಾಪು ಏನ್ ಮಾಡ್ತದೆ?"

"ಬತ್ತಾನೆ ಕಣಮ್ಮಿ. ಮುಂದಿನ ವರ್ಷದ ಪಿಚ್ಚರ್‌ನಲ್ಲಿ ಬಂದೇ ಬತ್ತಾನೆ. ಇದು ನಿನ್ ತಾತನ ಮಾತು."

ಅಂದುಬಿಟ್ಟೆ. ಅಂದದ್ದಕ್ಕೆ ವರ್ಷವೆಲ್ಲ ಅನುಭವಿಸಿದೆ. ಅವಳು ರಜಕ್ಕೆ ಬಂದಾಗಲೆಲ್ಲ, ನಾನು ಮೈಸೂರಿಗೆ ಲಾರಿ ಹತ್ತಿದರೂ ಅವಳಿಗೆ ಅನುಮಾನ. "ನೀನೂ ಸಿಟ್ ಮಾಡ್ಕಂಡು ಓಯ್ತಾ ಇದ್ದೀಯಾ ತಾತ?" ಅಂತ ಕೇಳುವಳು.

ಈ ವರ್ಷ ಡಿಸೆಂಬರಿನಲ್ಲಿ ಟೆಂಟಿನ ಜಟಕಾ ಗಾಡಿ ತಮಟೆ ಬಡಿಯುತ್ತ ಬಂತು. ಅದೇ ಮನೆಯವರ ಕತೆ, ಎರಡನೇ ಪಿಚ್ಚರ್! ನನ್ನ ಮಾತು ಗೆದ್ದಿತು ಎಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು. ಮಾದೇವಿಯನ್ನು ಬಿಡಲು ಚಾಮರಾಜನಗರದಿಂದ ಬಂದಿದ್ದ ನಮ್ಮ ಬೀಗರನ್ನೂ ಹಿಡಿದು ನಿಲ್ಲಿಸಿದೆ. ಅವರು ಮಠದ ಪುರಾಣ ಬಿಟ್ಟು ಬೇರೆ ಏನೂ ಕೇಳದ, ಹಣೆ ತುಂಬ ವಿಭೂತಿ ಇಡುವ ಗಂಭೀರ ಮನುಷ್ಯ. "ಕುಟುಂಬದ ಕತೆ ಬೀಗರೇ, ಕಣ್ಣಿಗೆ ಒಳ್ಳೇದು" ಎಂದು ಕುರ್ಚಿ ಟಿಕೇಟನ್ನೇ ತೆಗೆಸಿದೆ.

ಅಂದೇ ಮಧ್ಯಾಹ್ನ ಟೆಂಟಿನ ಮಾಲೀಕರು ಓಡೋಡಿ ಮಂಡಿಗೆ ಬಂದರು.

"ಯಜಮಾನ್ರೇ, ಮಾನ ಉಳಿಸಬೇಕು. ಮೇಷ್ಟ್ರಿಗೆ ಗಂಟಲು ಕಟ್ಟಿಬುಟ್ಟದೆ. ಸೊಲ್ಲೇ ಹೊರಡೋದಿಲ್ಲ. ಹೋದ ವರ್ಷ ದಿನಾ ಬಂದು ನೋಡ್ದೋರು ನೀವು. ಆ ಕತೆ ಮನೆಯೋರೆಲ್ಲ ನಿಮಗೆ ಗೊತ್ತು."

"ನಂಗೆ ಇಂಗ್ಲಿಷ್ ಬರಾಕಿಲ್ವಲ್ಲ ಸಾಮಿ?"

"ಕೇಳೋರಿಗೂ ಬರಾಕಿಲ್ಲ!"

ಇದಕ್ಕಿಂತ ಗಟ್ಟಿ ಮಾತು ಇನ್ನೇನು ಬೇಕು? ಒಪ್ಪಿಕೊಂಡೆ. ಮದುವೆಯ ಕೋಟು ತೆಗೆದು ತೊಟ್ಟೆ. ಗುಂಡಿ ಹೊಟ್ಟೆಯವರೆಗೆ ಬಂದು, ಮುಂದೆ ಬರುವುದಿಲ್ಲ ಎಂದಿತು. ಜರಿ ರುಮಾಲು ಸುತ್ತಿದೆ.

"ಇವತ್ತು ಆ ತಾತ ಬರ್ನಿಲ್ಲ ಅಂದ್ರೆ?" ಮಾದೇವಿ ಕೋಟು ಹಿಡಿದು ಕೇಳಿದಳು.

"ಮೈಕು ಯಾರ ಕೈಲದೆ ಕಣಮ್ಮಿ? ನಿನ್ ತಾತನ ಕೈಲಿ. ಬರದೆ ಎಲ್ಲಿಗೋದಾನು!"

ಗೌರಮ್ಮ ಮಾತ್ರ, "ಸಾಮಿ, ತಿಳೀದಿದ್ರೆ ಸುಮ್ಕಿರಿ. ಸುಮ್ಕಿರೋರ್ನ ನೋಡಿ ಯಾರೂ ನಗಾಕಿಲ್ಲ" ಅಂದಳು. ಆ ತಾಯಿ ಬಾಯಲ್ಲಿ ದೇವರೇ ಬಂದು ಹೇಳಿದ್ದ. ನಾನು ಕೇಳಲಿಲ್ಲ!

ಟೆಂಟು ತುಂಬಿತ್ತು. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಗೌರಮ್ಮ, ಅವಳ ತೊಡೆಯ ಮೇಲೆ ಮಾದೇವಿ. ಗಂಡಸರ ಕಡೆ ನೆಲದಲ್ಲಿ ನಮ್ಮ ಮಂಡಿಯ ಹಮಾಲಿ ಸಿದ್ದ, ಅವನ ಬಳಗ. ಹಿಂದೆ ಕುರ್ಚಿಯಲ್ಲಿ ಬೀಗರು, ಕಂಬದ ಹಾಗೆ ನೆಟ್ಟಗೆ. ನಾನು ತೆಂಗಿನಕಾಯಿ ಒಡೆದು, ಪರದೆಗೆ ಕರ್ಪೂರ ಬೆಳಗಿ, "ಅಲೋ, ಅಲೋ, ಮಹಾಜನಗಳೇ" ಎಂದು ಶುರು ಮಾಡಿದೆ.

ಪರದೆ ಮೇಲೆ ಮನೆಯೊಳಗೆ ಒಂದು ಮರ ಕಂಡಿತು.

"ಮನೆಯೊಳಕ್ಕೆ ಮರ ತಂದಿದ್ದಾರೆ. ಹೊರಗಿದ್ದರೆ ಮೇಕೆ ಮೇದುಬಿಡುತ್ತವೆ."

ಎಲ್ಲರೂ ಹೌದೆಂದು ತಲೆದೂಗಿದರು. ಒಲೆ ಮುಂದೆ ಕಾಲುಚೀಲ ನೇತು ಹಾಕಿದರು. "ಒಗೆದದ್ದು ಒಣಗಿಲ್ಲ, ಮೋಡದ ದಿನ" ಅಂದೆ. ಅದಕ್ಕೂ ತಲೆದೂಗಿದರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮೇಷ್ಟ್ರ ಗಂಟಲು ಹೀಗೇ ಇರಲಿ ಎಂಬ ಕೆಟ್ಟ ಆಸೆಯೂ ಒಂದು ಗಳಿಗೆ ಬಂತು.

ಆಮೇಲೆ ಊಟದ ಮೇಜು. ತಟ್ಟೆಯಲ್ಲಿ ಇಡೀ ಹಕ್ಕಿಯನ್ನೇ ಸುಟ್ಟು ಮಲಗಿಸಿದ್ದರು! ಹೋದ ವರ್ಷ ಇಂಥ ಜಾಗ ಬಂದಾಗ ಮೇಷ್ಟ್ರು ಜೋರಾಗಿ ಕೆಮ್ಮಿ ದಾಟಿಸಿದ್ದರು. ಈಗ ಕುರ್ಚಿಯಲ್ಲಿ ಬೀಗರ ವಿಭೂತಿ ಹೊಳೆಯುತ್ತಿದೆ. ನನಗೆ ಕೆಮ್ಮಲು ಹೊಳೆಯಲಿಲ್ಲ.

"ಇದು ಕುಂಬಳಕಾಯಿ" ಅಂದೆ.

"ಯಜಮಾನ್ರೇ, ಕುಂಬಳಕಾಯಿಗೆ ಕಾಲವೆ!" ಸಿದ್ದ ಕೂಗಿದ.

"ಆ ದೇಶದ ಕುಂಬಳಕಾಯಿ ಹಂಗೇ ಕಣ್ಲಾ, ಸುಮ್ಕೆ ಕೂತ್ಕೊ!"

ನೆಲವೆಲ್ಲ ನಕ್ಕಿತು. ಬೀಗರು ಮಾತ್ರ ನಗಲಿಲ್ಲ. ತಾತ ಇನ್ನೂ ಬಂದಿಲ್ಲ. ಮಾದೇವಿ ಪರದೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಅಪ್ಪಾ ಮಾದಪ್ಪ, ಬೇಗ ಕಳಿಸು ಅವನನ್ನ ಎಂದು ಬೇಡಿಕೊಂಡೆ.

ಕಳಿಸಿಯೇ ಬಿಟ್ಟ. ಒಲೆಯ ಮೇಲಿನ ಹೊಗೆಗೂಡಿನಿಂದ ಮಸಿ ಉದುರಿತು. ಅದರ ಹಿಂದೆಯೇ, ಎದೆವರೆಗೆ ಬಿಳಿ ಗಡ್ಡ ಬಿಟ್ಟ, ಹೆಗಲಿಗೆ ಮೂಟೆ ಹೊತ್ತ ದಪ್ಪ ಮುದುಕ ಧೊಪ್ಪನೆ ಬಿದ್ದ!

ನನಗೆ ಪ್ರಾಣ ಬಂದ ಹಾಗಾಯಿತು. "ಮಹಾಜನಗಳೇ, ಬಂದರು! ತಾತ ಬಂದರು! ಇಷ್ಟು ದಿವಸ ಎಲ್ಲಿದ್ದರು? ಮಾದಪ್ಪನ ಬೆಟ್ಟದಲ್ಲಿದ್ದರು! ಹರಕೆ ಹೊತ್ತು ಗಡ್ಡ ಬಿಟ್ಟಿದ್ದಾರೆ. ಮಗ ಬಾಗಿಲು ತೆಗೆಯಲಿಲ್ಲ, ಅದಕ್ಕೇ ಹೊಗೆಗೂಡಿನಿಂದ ಇಳಿದಿದ್ದಾರೆ. ಮೂಟೆಯಲ್ಲಿ ಬೆಟ್ಟದ ಪ್ರಸಾದ ಇದೆ!"

"ಉಘೇ ಮಾದಪ್ಪ!" ಎಂದು ಟೆಂಟಿಗೆ ಟೆಂಟೇ ಎದ್ದು ಕೂಗಿತು. ಬೀಗರು ಕೈ ಮುಗಿದರು. ಮಾದೇವಿ ಚಪ್ಪಾಳೆ ತಟ್ಟಿ ಕುಣಿದಳು. ನನ್ನ ಆಯುಸ್ಸಿನಲ್ಲಿ ಅಂಥ ಗಳಿಗೆ ಮತ್ತೊಂದಿಲ್ಲ. ಆ ಗಳಿಗೆಗೇ ಡೈನಮೋ ಕೆಟ್ಟು ನಿಲ್ಲಬಾರದಿತ್ತೆ!

ನಿಲ್ಲಲಿಲ್ಲ. ಪರದೆ ಮೇಲಿನ ಪಾಪು ಆ ಗಡ್ಡ ಹಿಡಿದು ಎಳೆಯಿತು. ಗಡ್ಡ ಕೈಗೇ ಬಂತು! ಒಳಗಿದ್ದವನು ಎಳೇ ಮೀಸೆಯ ಹುಡುಗ.

ಟೆಂಟೆಲ್ಲ ಪರದೆ ಬಿಟ್ಟು ನನ್ನ ಕಡೆ ತಿರುಗಿತು.

ಜಾಣನಾದವನು ಮೈಕು ಕೆಳಗಿಡುತ್ತಿದ್ದ. ನಾನು, "ಹರಕೆ ತೀರಿತು! ಮುಡಿ ಕೊಟ್ಟಾಯಿತು! ಸ್ವಾಮಿಯ ದಯದಿಂದ ತಾತನಿಗೆ ಮರಳಿ ಪ್ರಾಯ ಬಂದಿದೆ!" ಎಂದೆ.

ಕೆಲವರು ಇದನ್ನೂ ನಂಬಿದರು. ಆದರೆ ಆ ಹುಡುಗ ನನ್ನನ್ನು ಬದುಕಲು ಬಿಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸನ್ನು ಬರಸೆಳೆದು, ಎಲ್ಲರ ಎದುರಿಗೆ ಬಾಯಿಗೆ ಮುತ್ತಿಟ್ಟ. ಆ ಹೆಂಗಸು ಯಾರು? ಆಗಷ್ಟೇ ನಾನು ಮೈಕಿನಲ್ಲಿ, "ಇವಳೇ ಈ ಮನೆಯ ಸೊಸೆ, ತಾತನನ್ನು ತಂದೆಗಿಂತ ಹೆಚ್ಚಾಗಿ ನೋಡಿಕೊಳ್ಳುವವಳು" ಎಂದು ಹೊಗಳಿ ಇಟ್ಟಿದ್ದವಳು!

"ಅಯ್ಯಯ್ಯೋ, ಮಾವ ಸೊಸೆಗೆ ಮುತ್ತಾ?" ಹೆಂಗಸರ ಕಡೆಯಿಂದ ಒಂದು ಕೂಗು ಎದ್ದಿತು. ತಾಯಂದಿರು ಮಕ್ಕಳ ಕಣ್ಣು ಮುಚ್ಚಿದರು.

"ಮಾದಪ್ಪನ ಬೆಟ್ಟದಿಂದ ಬಂದೋನು ಮಾಡೋ ಕೆಲ್ಸವೇನ್ಲಾ ಇದು!" ಅಂತ ಒಬ್ಬ ರುಮಾಲು ಕೊಡವಿ ಎದ್ದ. ಸಿದ್ದ ನೆಲದಲ್ಲಿ ಉರುಳಾಡಿ ನಗುತ್ತಿದ್ದ. ನಾನು ದಿಕ್ಕು ತೋಚದೆ, "ಪ್ರಸಾದ! ಪ್ರಸಾದ ಕೊಡುತ್ತಿದ್ದಾರೆ!" ಎಂದೆ.

ಅಷ್ಟು ಸಾಕಾಯಿತು. ಬೀಗರು ಎದ್ದು ನಿಂತರು. "ಬೀಗರೇ, ಕುಟುಂಬದ ಕತೆ ಅಂದ್ರಲ್ಲ, ಇದೇ ಏನು?"

ಗೌರಮ್ಮ ಹೆಂಗಸರ ಕಡೆಗೆ ಕಟ್ಟಿದ್ದ ಅಡ್ಡ ಪರದೆ ಸರಿಸಿ ಕೂಗಿದಳು. "ಇಳೀರಿ ಸಾಮಿ ಕೆಳೀಕೆ! ಇರೋ ಮಾನ ಈರುಳ್ಳಿ ಸಿಪ್ಪೆಯಂಗೆ ಸುಲ್ಕೋಬ್ಯಾಡಿ!" ಅದೂ ಮೈಕಿನಲ್ಲಿ ಕೇಳಿಸಿತು. ಮಾಲೀಕರು ಬಂದು ಮೈಕು ಕಿತ್ತುಕೊಂಡು, ನನ್ನ ರಟ್ಟೆ ಹಿಡಿದು, ಮರ್ಯಾದೆಯಿಂದಲೇ, ಹೊರಗೆ ಬಿಟ್ಟರು.

ಹೊರಗೆ ಒಂದು ಗಾಡಿಯ ಮೂಕಿ ಮೇಲೆ ಕೂತೆ. ಕೋಟಿನ ಗುಂಡಿಯೂ ಕಿತ್ತು ಹೋಗಿತ್ತು. ಊರು ನಕ್ಕಿತು, ಹೋಗಲಿ. ಬೀಗರು ನಾಳೆ ಚಾಮರಾಜನಗರವನ್ನೂ ನಗಿಸುತ್ತಾರೆ, ಅದೂ ಹೋಗಲಿ. ಆದರೆ ಆ ಮಗು? ಬಂದ ತಾತನನ್ನು ತೋರಿಸಿ, ಅವಳ ಕಣ್ಣೆದುರಿಗೇ ಕಿತ್ತುಕೊಂಡೆನಲ್ಲ! ಎದ್ದು ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸಿತು. ಗುಂಡ್ಲುಪೇಟೆಗೆ ರೈಲೂ ಇಲ್ಲ.

ಒಳಗೆ ನಗು ಕೇಳುತ್ತಿತ್ತು. ಆಮೇಲೆ ಸದ್ದಡಗಿತು. ಆಮೇಲೆ ಒಂದೇ ಸಲಕ್ಕೆ ಚಪ್ಪಾಳೆ. ಜನ ಹೊರಗೆ ಬಂದರು. ಅವರ ಕಾಲಿನ ಸಂದಿಯಲ್ಲಿ ಮಾದೇವಿ ನುಗ್ಗಿ ಬಂದಳು.

"ತಾತಾ, ಬಂದ! ಆ ತಾತ ಬಂದ!"

"ಗಡ್ಡ?"

"ಗಡ್ಡ ಇಲ್ವೇ ಇಲ್ಲ! ಹೋದ್ ವರ್ಷದ ಟೋಪೀನೇ. ಬಾಗ್ಲು ಬಡ್ದ, ಪಾಪು ಓಡೋಗಿ ಕಾಲ್ ತಬ್ಕಂತು. ಆ ಗಡ್ಡದೋನು ಅವ್ರ ಮನೆ ಅಳಿಯ ಕಣ್ ತಾತ, ಆವಮ್ಮ ಸೊಸೆ ಅಲ್ಲ, ಈ ವರ್ಷ ಹೊಸದಾಗ್ ಬಂದ ಮಗ್ಳು, ಅವನ್ ಎಂಡ್ತಿ."

"ಇದ್ನೆಲ್ಲ ಯಾರಮ್ಮಿ ಹೇಳಿದ್ರು?"

"ಯಾರೂ ಹೇಳ್ನಿಲ್ಲ. ಸುಮ್ನೆ ನೋಡ್ದೊ, ಗೊತ್ತಾಯ್ತು!"

ಬೀಗರೂ ಹೊರಗೆ ಬಂದರು. ಸಿಟ್ಟಿನಿಂದ ಎದ್ದವರು ಕೊನೆಯವರೆಗೂ ನಿಂತೇ ನೋಡಿದರಂತೆ!

ಮಾರನೇ ದಿನ ಜಟಕಾದವನು ತಮಟೆ ಬಡಿದು ಸಾರಿದ. "ಕ್ರಿಸ್ಮಸ್ ಪಿಚ್ಚರ್! ಇವತ್ತಿನಿಂದ ವಿವರಣೆ ಇರುವುದಿಲ್ಲ!" ಜನ ಮುಗಿಬಿದ್ದರು.

ನಾನೂ ಮಾದೇವಿಯ ಕೈ ಹಿಡಿದು ಹೋಗಿ ನೆಲದಲ್ಲಿ ಕೂತೆ. ಗಡ್ಡದವನು ಹೊಗೆಗೂಡಿನಿಂದ ಬಿದ್ದಾಗ ಟೆಂಟೆಲ್ಲ ಒಂದೇ ದನಿಯಲ್ಲಿ "ಉಘೇ ಮಾದಪ್ಪ!" ಎಂದು ಕೂಗಿ ಕೇಕೆ ಹಾಕಿತು. ನಾನು ಬಾಯಿ ತೆರೆದೆ. ಮಾದೇವಿ ತನ್ನ ಪುಟ್ಟ ಕೈಯಿಂದ ನನ್ನ ಬಾಯಿ ಮುಚ್ಚಿದಳು. "ಸುಮ್ಕಿರು ತಾತ, ನಾನು ಹೇಳ್ತೀನಿ."

ಕೊನೆಗೆ ಬಾಗಿಲು ಬಡಿಯುವ ಸದ್ದಾಯಿತು. ಅವಳು ನನ್ನ ಕಿವಿಗೆ ಬಾಯಿಟ್ಟು, "ಈಗ ನೋಡು ತಾತ, ಈಗ ನೀನು ಬತ್ತೀಯ" ಅಂದಳು.

ನೋಡಿದೆ. ಏನೂ ಕಾಣಲಿಲ್ಲ. ಎಲ್ಲ ಮಂಜು ಮಂಜು. ಮಂಡಿಯ ಈರುಳ್ಳಿ ಘಾಟು ಕಣ್ಣಿಗೆ ಹತ್ತಿತ್ತು ಎಂದು ಮನೆಗೆ ಬಂದು ಗೌರಮ್ಮನಿಗೆ ವಿವರಿಸಿದೆ. ಅವಳು ನಂಬಲಿಲ್ಲ. ನನ್ನ ವಿವರಣೆಯ ಯೋಗ್ಯತೆ ಈಗ ಊರಿಗೆಲ್ಲ ಗೊತ್ತಲ್ಲ!