ಬಸ್ ಬಿಟ್ಟು ಶಿಲುಬೆ ಗುಡ್ಡಕ್ಕೆ ನಡೆದದ್ದು

ಧ್ಯಾನ ಮಾಡಬೇಕು ಅಂತ ಮನೆ ಬಿಟ್ಟವನಿಗೆ ನಗು ಬರುವಂಥದ್ದೇ ಯಾಕೆ ಎದುರಾಗುತ್ತದೋ ಗೊತ್ತಿಲ್ಲ, ನನಗಂತೂ ಪ್ರತಿ ವರ್ಷ ಆಗುತ್ತದೆ. ನಾನು ಚನ್ನಗಿರಿಯವನು, ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತೆಂದರೆ ನಾವು ಇಪ್ಪತ್ತು ಜನ, ಜೊತೆಗೆ ನಮ್ಮ ಚರ್ಚಿನ ಫಾದರ್, ಹೊನ್ನಾಳಿ, ನ್ಯಾಮತಿ ದಾಟಿ ಬೆಟ್ಟದ ಸಾಲಿನೊಳಗೆ ಹೊಕ್ಕು, ಒಂದು ಗುಡ್ಡದ ತುದಿಯ ಶಿಲುಬೆಗೆ ಕೈಮುಗಿದು ಬರುತ್ತೇವೆ. ಮೂರು ದಿನದ ನಡಿಗೆ. ಕಾಲು ನಡೆದರೆ ಮನಸ್ಸು ನಿಲ್ಲುತ್ತದೆ ಅನ್ನುತ್ತಾರೆ ಫಾದರ್. ನಿಲ್ಲುತ್ತದೆ, ಸುಳ್ಳಲ್ಲ. ನಡುನಡುವೆ ಹಿಂಗೂ ಆಗುತ್ತದೆ.

೧. ಪಾಸ್ ಇದ್ದವನು

ಮೊದಲ ವರ್ಷ ಹೊನ್ನಾಳಿ ರಸ್ತೆಯಲ್ಲಿ ಜಪಸರ ಎಣಿಸುತ್ತಾ ಹೋಗುತ್ತಿದ್ದೆ. ಹಿಂದಿನಿಂದ ಬಂದ ಬಸ್ಸು ಪಕ್ಕದಲ್ಲೇ ನಿಂತಿತು. ಕಂಡಕ್ಟರ್ ನನ್ನ ಕೈಕೆಳಗೆ ಕೆಲಸ ಕಲಿತವನು. ಇಳಿದು ಬಂದು, ನಿವೃತ್ತರ ಫ್ರೀ ಪಾಸ್ ಕಳೆದುಹೋಗಿದ್ದರೂ ಚಿಂತೆಯಿಲ್ಲ, ಹತ್ತಿ ಅಂತ ಕೈ ಹಿಡಿದು ಎಳೆದ. ಪಾಸ್ ಜೇಬಲ್ಲೇ ಇದೆ, ನಾನಾಗಿ ನಡೆಯುತ್ತಿದ್ದೇನೆ ಅಂದೆ. ಅವನು ನಂಬಲಿಲ್ಲ. ಬಸ್ಸಿನವರೆಲ್ಲ ಒಂದೇ ಕಡೆ ಬಗ್ಗಿ ನನ್ನನ್ನು ನೋಡುತ್ತಿದ್ದರು. ಕಿಟಕಿಯಲ್ಲಿದ್ದ ಒಬ್ಬ ಹೆಂಗಸು ಗುರುತು ಹಿಡಿದು ಪಕ್ಕದವಳಿಗೆ ಹೇಳಿದಳು:

"ನಮ್ ಸ್ಟಾಪಿನಾಗೆ ಬಸ್ ನಿಲ್ಸ್ದೆ ಅರ್ಧ ಮೈಲಿ ಮುಂದಕ್ಕೆ ಇಳಸ್ತಿದ್ದನಲ್ಲ, ಅವನೇ ಇವ. ಈಗ ನಡೀತಾನೆ ನೋಡು."

ಫಾದರ್ ಮುಂದೆ ಪಾಪನಿವೇದನೆಗೆ ಅಂತ ನಾನು ನಾಲ್ಕು ಪಾಪ ನೆನಪಿಟ್ಟುಕೊಂಡಿದ್ದೆ. ಅವತ್ತು ಐದಾಯಿತು.

೨. ಹತ್ತೊಂಬತ್ತು

ಗೋವಿನಕೋವಿ ಹತ್ತಿರ ಮರದ ನೆರಳಲ್ಲಿ ಕೂತಾಗ ಫಾದರ್ ಪ್ರಸಂಗ ಮಾಡಿದರು. ನೂರು ಕುರಿಯಲ್ಲಿ ಒಂದು ತಪ್ಪಿಸಿಕೊಂಡರೆ ಒಳ್ಳೆಯ ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋಗುತ್ತಾನೆ ಅನ್ನುವ ಕಥೆ. ಪಕ್ಕದ ಗದ್ದೆಯಲ್ಲಿ ಜಗಳೂರು ಕಡೆಯಿಂದ ಮೇವಿಗೆ ಬಂದ ಕುರಿ ಹಿಂಡಿತ್ತು. ಅದರ ಯಜಮಾನ ಕಂಬಳಿ ಹೆಗಲಿಗೆ ಹಾಕಿಕೊಂಡು ಪೂರ್ತಿ ಕೇಳಿ, ಮಿಕ್ಕ ತೊಂಬತ್ತೊಂಬತ್ತನ್ನು ಯಾರ ಹತ್ತಿರ ಬಿಟ್ಟು ಹೋದ ಅಂತ ವಿಚಾರಿಸಿದ. ಯಾರ ಹತ್ತಿರವೂ ಇಲ್ಲ ಅಂದರು ಫಾದರ್. ಅವನಿಗೆ ಅದು ಸರಿಕಾಣಲಿಲ್ಲ.

ಹೊರಡುವಾಗ ತಲೆ ಎಣಿಸಿದರೆ ಹತ್ತೊಂಬತ್ತೇ ಇದ್ದೆವು. ಫಾದರ್ ಗಾಬರಿಯಾಗಿ ಹುಡುಕಲು ಎದ್ದರು. ಕುರುಬ ಅವರನ್ನು ತಡೆದು ಹೇಳಿದ:

"ನೀವು ಧೈರ್ಯವಾಗಿ ಹೋಗ್ರಿ ಸ್ವಾಮಿ. ಇವನ್ನ ನಾನು ನೋಡ್ಕೊಂತೀನಿ."

ತಪ್ಪಿಸಿಕೊಂಡಿದ್ದ ಹಿರಿಯರು ಚಾನಲ್ಲಿನ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರಂತೆ. ಫಾದರ್ ಅವರನ್ನು ಕರೆತರುವ ತನಕ ಕುರುಬನ ನಾಯಿ ನಮ್ಮ ಸುತ್ತ ಎರಡು ಸುತ್ತು ಹಾಕಿ ಎದುರಿಗೇ ಕೂತಿತ್ತು. ಹತ್ತೊಂಬತ್ತರಲ್ಲಿ ಒಬ್ಬರೂ ಅಲ್ಲಾಡಲಿಲ್ಲ.

೩. ಮನಸ್ಸಿನಲ್ಲಿ ಬಂದದ್ದು

ಒಂದು ಸಾಯಂಕಾಲ ಫಾದರ್ ನಮ್ಮನ್ನು ಸುತ್ತ ಕೂರಿಸಿ, ನಡೆಯುವಾಗ ಮನಸ್ಸಿಗೆ ಏನು ಬಂತು ಅಂತ ಒಬ್ಬೊಬ್ಬರನ್ನೇ ಕೇಳಿದರು. ಒಬ್ಬರು ಶಾಂತಿ ಅಂದರು, ಇನ್ನೊಬ್ಬರು ತೀರಿಹೋದ ತಾಯಿ ಅಂದರು. ಟೀಚರಮ್ಮ ಒಬ್ಬರು ತಲೆ ತಗ್ಗಿಸಿ, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಅಂತ ಚನ್ನಗಿರಿಯಿಂದ ಇಲ್ಲಿವರೆಗೂ ಅದೊಂದೇ ಯೋಚನೆ ಅಂದರು. ಅಷ್ಟು ಹೇಳಿದ್ದೇ ಉಳಿದ ಹೆಂಗಸರೂ ಫೋನ್ ತೆಗೆದು ಪಕ್ಕದ ಮನೆಯವರಿಗೆ ಹಚ್ಚಿದರು. ಫಾದರ್ ಕಣ್ಣು ಮುಚ್ಚಿಕೊಂಡರು. ಪ್ರಾರ್ಥನೆ ಮಾಡುತ್ತಿದ್ದಾರೆ ಅಂದುಕೊಂಡೆವು. ಆಮೇಲೆ ಮೆಲ್ಲಗೆ, ಯಾರ ಫೋನಿನಲ್ಲಿ ಚಾರ್ಜ್ ಉಳಿದಿದೆ ಅಂತ ಕೇಳಿದರು.

೪. ಒಂದೇ ಸೀಟಿ

ಹೋದ ವರ್ಷ ನಮ್ಮ ಜೊತೆ ಹೊಸಬರೊಬ್ಬರು ಬಂದರು. ನನ್ನ ಬಸ್ಸಿನ ಡ್ರೈವರಾಗಿದ್ದವರು. ಶಿವಭಕ್ತರ ಮನೆತನ. ಹೆಂಡತಿಗೆ ಆಪರೇಷನ್ ಆಗಿ ಬದುಕಿ ಬಂದಿದ್ದಕ್ಕೆ ಗುಡ್ಡದ ಶಿಲುಬೆಗೆ ಹರಕೆ ಹೊತ್ತಿದ್ದರು. ನಮ್ಮಿಬ್ಬರಿಗೂ ಎಂಟು ವರ್ಷದಿಂದ ಮಾತಿಲ್ಲ. ಜಗಳೂರಿಗೆ ಬಸ್ಸು ತಡವಾಗಿದ್ದಕ್ಕೆ ಅವರು ಕುಡಿದ ಟೀ ಕಾರಣ ಅಂತ ನಾನು ಡಿಪೋದಲ್ಲಿ ಹೇಳಿಬಿಟ್ಟಿದ್ದೆ. ಆಮೇಲೆ ಆರು ವರ್ಷ ಒಂದೇ ಬಸ್ಸಿನಲ್ಲಿ ದುಡಿದೆವು, ಬರೀ ಸೀಟಿಯಲ್ಲಿ. ಒಂದು ಹೊಡೆದರೆ ನಿಲ್ಲಿಸುವರು, ಎರಡು ಹೊಡೆದರೆ ಹೊರಡುವರು. ನಿವೃತ್ತಿಯಾದ ಮೇಲೆ ಅದೂ ಇಲ್ಲ.

ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡೆ. ಶಿಲುಬೆ ಮುಟ್ಟುವುದರೊಳಗೆ ಅವರನ್ನು ಮಾತಾಡಿಸಬೇಕು ಅಂದರು ಫಾದರ್. ಎರಡು ದಿನ ಅವರ ಹಿಂದೆ ಹಿಂದೆಯೇ ನಡೆದೆ, ಬಾಯಿ ಬರಲಿಲ್ಲ. ಮೂರನೇ ದಿನ ಹೇಗಾದರೂ ಸರಿ ಅಂತ ಗಟ್ಟಿ ಮನಸ್ಸು ಮಾಡಿದೆ. ಅವತ್ತು ಬೆಳಿಗ್ಗೆ ಅದೇ ಫಾದರ್, ಗುಡ್ಡ ಹತ್ತುವಾಗ ಎಲ್ಲರೂ ಮೌನ ಅಂದುಬಿಟ್ಟರು.

ಅರ್ಧ ಗುಡ್ಡ ಹತ್ತಿದ್ದೆವು. ದಾರಿ ಕಿರಿದು, ಪಕ್ಕದಲ್ಲಿ ಕೊರಕಲು. ಮುಂದಿದ್ದ ಡ್ರೈವರ್ ಒಂದು ಸಡಿಲ ಕಲ್ಲಿನ ಮೇಲೆ ಕಾಲಿಡಲು ಹೋದರು. ಕೂಗುವಂತಿಲ್ಲ. ಬೆರಳು ತಾನಾಗಿ ಬಾಯಿಗೆ ಹೋಗಿ ಜೋರಾಗಿ ಒಂದು ಸೀಟಿ ಹೊಡೆಯಿತು. ಅವರು ಬ್ರೇಕ್ ಹಾಕಿದಂತೆ ನಿಂತರು. ನಾನು ಓಡಿಹೋಗಿ ಕೋಲಿನಿಂದ ಆ ಕಲ್ಲನ್ನು ತಳ್ಳಿದೆ. ಅದು ಕೊರಕಲಿಗೆ ಉರುಳಿಹೋಯಿತು.

ದಾರಿ ಈಗ ಸರಿಯಾಗಿತ್ತು. ಅವರು ಮಾತ್ರ ಒಂದು ಕಾಲು ಎತ್ತಿಕೊಂಡು, ಗಿಡ ಹಿಡಿದುಕೊಂಡು ನಿಂತೇ ಇದ್ದರು. ಕಾಲು ಹಿಡಿದುಕೊಂಡಿತೋ ಏನೋ ಅಂತ ನನಗೆ ಭಯ. ಹಿಂದೆ ಎಲ್ಲರೂ ಸಾಲಾಗಿ ನಿಂತುಬಿಟ್ಟರು. ಕೊನೆಗೆ ಫಾದರ್ರೇ ಮೌನ ಬಿಟ್ಟು, ಏನಾಯಿತು ಅಂತ ಕೇಳಿದರು. ಡ್ರೈವರ್ ಹಿಂದಿರುಗಿ ನೋಡದೆಯೇ ಹೇಳಿದರು:

"ಕಂಡಕ್ಟ್ರು ಒಂದೇ ಸೀಟಿ ಹೊಡದಾರೆ ಸ್ವಾಮಿ. ಇನ್ನೆರಡು ಹೊಡೀದೆ ಗಾಡಿ ತೆಗೆಯಾಕೆ ಆಗ್ತೈತಾ?"

ಹೊಡೆಯೋಣವೆಂದರೆ ನಗು ಬಂದು ತುಟಿ ಕೂಡಲಿಲ್ಲ, ಬರೀ ಗಾಳಿ ಬಂತು. ಕೊನೆಗೆ ಬಾಯಿಬಿಟ್ಟೇ ಹೇಳಬೇಕಾಯಿತು. ಎಂಟು ವರ್ಷದ ಮೇಲೆ ನಾನು ಅವರಿಗೆ ಹೇಳಿದ ಮೊದಲ ಮಾತು ಅದು:

"ರೈಟ್, ರೈಟ್."