ಬೇಡ ಎಂದವರಿಗೆ ಹೋಳಿಗೆ

"ಬಸ್ ಸ್ಟ್ಯಾಂಡಲ್ಲಿ ಜನ ನುಗ್ಗಿ ಹತ್ತೋದಕ್ಕೆ ಯಾರಾದ್ರೂ ನಕ್ಷೆ ಬರೀತಾರಾ? ಆದ್ರೂ ಎಲ್ಲರೂ ಹತ್ತಲ್ವಾ?"

ತಿಪಟೂರಿನ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಶ್ರೀಕಂಠಯ್ಯ ಎದೆಯುಬ್ಬಿಸಿ ನಿಂತಿದ್ದರು. ಎದುರಿಗೆ ಅವರೇ ಮಾಡಿದ ಹನ್ನೆರಡು ಯಂತ್ರಗಳು: ಚಕ್ರದ ಮೇಲೊಂದು ಬಕೆಟ್ಟು, ಬಕೆಟ್ಟಿಗೊಂದು ಕೈ. "ಇವಕ್ಕೂ ನಾನು ಒಂದು ನಿಯಮಾನೂ ಬರೆದಿಲ್ಲ. ನೋಡಿ ಕಲೀತಾವೆ, ಒಂದನ್ನೊಂದು ನೋಡ್ಕೊಂಡು ಹೊಂದ್ಕೋತಾವೆ. ವ್ಯವಸ್ಥೆ ತಾನಾಗೇ ಹುಟ್ಟುತ್ತೆ!"

"ರೀ, ಇದು ಬೀಗರ ಪಂಕ್ತಿ. ನನ್ನ ತವರಿನ ಮಾನ ಕಳೀಬೇಡಿ," ಎಂದರು ಹೆಂಡತಿ ವಿಶಾಲಾಕ್ಷಿ. ಮದುವೆ ಅವರ ಅಣ್ಣನ ಮಗಳದು. ಹಿಂದೇಟು ಹಾಕಿದ್ದ ಅಣ್ಣನನ್ನು ಒಪ್ಪಿಸಿ, ಬಡಿಸುವವರನ್ನೆಲ್ಲ ಬಿಡಿಸಿದ್ದು ವಿಶಾಲಾಕ್ಷಿಯೇ. ಎಡವಟ್ಟಾದರೆ ತವರಿಗೆ ಮುಖ ತೋರಿಸುವಂತಿರಲಿಲ್ಲ.

ಅನ್ನ, ಸಾರು ಸರಿಯಾಗಿ ಎಲೆಗೇ ಬಿದ್ದವು. ಆಮೇಲೆ ಹೋಳಿಗೆ ಬಂತು. ವರನ ತಂದೆ ಚಂದ್ರಮೌಳಿಯವರು ಎಲೆಗೆ ಕೈ ಅಡ್ಡ ಹಿಡಿದು "ಬೇಡ, ಬೇಡ" ಎಂದರು. ಯಂತ್ರ ಅವರ ಕೈ ಸರಿಸಿ ಎರಡು ಹಾಕಿತು!

"ಅಯ್ಯೋ, ಬೇಡಪ್ಪಾ!"

ನಾಲ್ಕು! ಅದನ್ನು ನೋಡಿ ಉಳಿದ ಹನ್ನೊಂದೂ ಓಡಿಬಂದವು. ಬೀಗರು ಎದ್ದು ಕಂಬ ಸುತ್ತಿದರೆ ಬೆನ್ನಟ್ಟಿದವು. ಜೇಬಿಗೆ ಎರಡು, ಹೆಗಲಿಗೆ ಮೂರು, ತುಪ್ಪ ನೆತ್ತಿಗೆ! ಇತ್ತ ಕೊನೆಯ ಸಾಲಿನ ಅಜ್ಜನೊಬ್ಬ "ನಂಗೊಂದು ಹಾಕಪ್ಪಾ" ಎಂದರೆ ಯಂತ್ರ ಬಕೆಟ್ಟನ್ನೇ ಹಿಂದಕ್ಕೆಳೆದುಕೊಂಡಿತು.

"ಏನಮ್ಮಾ ವಿಶಾಲೂ ಇದು?" ಎನ್ನುತ್ತ ಅಣ್ಣ ಓಡಿಬಂದರು. ವಿಶಾಲಾಕ್ಷಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಗಂಡನತ್ತ ತಿರುಗಿದರು. "ಯಾವ ಪುಣ್ಯಾತ್ಮರನ್ನ ನೋಡಿ ಕಲಿತವ್ರೀ ಇವು?"

"ಇನ್ಯಾರನ್ನ? ತಿಂಗಳು ಪೂರ್ತಿ ನಮ್ಮ ಅಡುಗೆಮನೇಲೇ ನಿಲ್ಲಿಸಿದ್ದೆನಲ್ಲೇ!"

ವಿಶಾಲಾಕ್ಷಿಗೆ ಆಗ ಹೊಳೆಯಿತು. ಬೇಡವೆಂದ ನೆಂಟರ ಕೈ ಸರಿಸಿ ಎರಡು ಹಾಕುತ್ತಿದ್ದದ್ದು ತಾವೇ. ಇನ್ನೊಂದು ಕೇಳಿದ ಗಂಡನಿಗೆ ಸಕ್ಕರೆ ಕಾಯಿಲೆಯ ನೆಪ ಹೇಳಿ, ತಟ್ಟೆಯಲ್ಲಿದ್ದದ್ದನ್ನೂ ಎತ್ತಿಕೊಳ್ಳುತ್ತಿದ್ದದ್ದೂ ತಾವೇ! ನಾಚಿಕೆಯಿಂದ ಸೆರಗು ಬಾಯಿಗೊತ್ತಿಕೊಂಡು ಬೀಗರ ಬಳಿ ಓಡಿದರು.

"ತಪ್ಪೆಲ್ಲ ನಂದೇ, ಕ್ಷಮಿಸಿ. ಬೇಡ ಅನ್ನಬೇಡಿ. ಹಾಕಿ ಅಂತ ಕೇಳಿ!"

ಮುನ್ನೂರು ಜನರೆದುರು, ತಲೆಯಿಂದ ತುಪ್ಪ ತೊಟ್ಟಿಕ್ಕುತ್ತಿರಲು, ವರನ ತಂದೆ ಕೈಯೊಡ್ಡಿ ಅಂಗಲಾಚಿದರು. "ಹಾಕ್ರಪ್ಪಾ! ಇನ್ನೂ ಹಾಕಿ! ಸಾಲಲಿಲ್ಲ!"

ಹನ್ನೆರಡೂ ತಟಕ್ಕನೆ ನಿಂತವು. ಜೇಬಿನದು, ಹೆಗಲಿನದು, ಎಲೆಯದು, ಎಲ್ಲ ಹೋಳಿಗೆಯನ್ನೂ ಒಂದೊಂದಾಗಿ ವಾಪಸ್ ಎತ್ತಿಕೊಂಡವು!

ಮರುದಿನ ಮನೆಯಲ್ಲಿ ವಿಶಾಲಾಕ್ಷಿ ತಲೆಯೆತ್ತದೆ, ಗಂಡ ಕೇಳುವ ಮೊದಲೇ, ಅವರ ತಟ್ಟೆಗೆ ಅರ್ಧ ಹೋಳಿಗೆ ಹಾಕಿದರು.

"ನೋಡಿದ್ಯಾ," ಎಂದರು ಶ್ರೀಕಂಠಯ್ಯ, "ನಾನು ಒಂದು ನಿಯಮಾನೂ ಬರೆದಿಲ್ಲ."